ಕಟ್ ಅಂದ ಮೇಲೆ

ಫೆಬ್ರವರಿ 4, ಮಂಗಳವಾರ

ಕೊನೆಗೂ ಕೆಲಸ ಸಿಕ್ಕಿತು. ಫಿಲ್ಮ್ ಎಡಿಟರ್ ಎಂದು ಬಾಗಿಲಿಗೆ ಬೋರ್ಡು ಹಾಕಿಕೊಂಡು ಇಷ್ಟು ತಿಂಗಳು ನೊಣ ಹೊಡೆದದ್ದಕ್ಕೆ ಸಿಕ್ಕ ಸಿನಿಮಾದ ಹೆಸರು ‘ಹದಿಮೂರನೇ ಹಾಸಿಗೆ’. ಒಂದು ಹಾಸಿಗೆ, ಅದರೊಳಗೊಂದು ಹೆಣ್ಣು ದೆವ್ವ, ಅದರ ಮೇಲೆ ಮಲಗಿದವರೆಲ್ಲ ಬೆಳಗಾಗುವುದರೊಳಗೆ ಹೆಣ. ನಿರ್ಮಾಪಕರಿಗೆ ದೊಡ್ಡ ಹಾಸಿಗೆ ಅಂಗಡಿ ಇದೆ. ಮಲಗಿದವರು ಸಾಯುವ ಕಥೆಯಿಂದ ಹಾಸಿಗೆ ವ್ಯಾಪಾರ ಹೇಗೆ ಬೆಳೆಯುತ್ತದೆ ಸ್ವಾಮಿ ಎಂದು ಕೇಳಿಯೇಬಿಟ್ಟೆ.

“ಮಿಕ್ಕ ಹನ್ನೆರಡು ಹಾಸಿಗೆ ಎಷ್ಟು ಚೆನ್ನಾಗಿವೆ ಅಂತ ಜನಕ್ಕೆ ಗೊತ್ತಾಗತ್ತಲ್ಲಮ್ಮಾ” ಎಂದರು ಹಾಸಿಗೆ ಸಾಹುಕಾರರು. ಹಲ್ಲು ಕಿರಿದು ಒಪ್ಪಿಕೊಂಡು ಬಂದೆ.

ನಿರ್ದೇಶಕ ಇಲ್ಲಿಯವರೆಗೆ ಜಿರಳೆ ಔಷಧಿಯ ಜಾಹೀರಾತು ತೆಗೆಯುತ್ತಿದ್ದವನು. ಇದು ಅವನ ಮೊದಲ ಸಿನಿಮಾ. “ಮೇಡಂ, ನಂಗೆ ಭಯ ಬೇಕು. ನಗು ಬಂದ್ರೆ ನಾನು ಸತ್ತೆ ಅಂತ ಲೆಕ್ಕ” ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಚಿತ್ರೀಕರಣವೆಲ್ಲ ಸಾಹುಕಾರರ ಗೋಡೌನಿನಲ್ಲೇ. ಸುತ್ತ ಹಾಸಿಗೆ ಪೇರಿಸಿರುವುದರಿಂದ ಎಷ್ಟು ಕಿರುಚಿದರೂ ದಿಂಬಿಗೆ ಮುಖ ಒತ್ತಿ ಕಿರುಚಿದ ಹಾಗೆ ಕೇಳಿಸುತ್ತದಂತೆ.

ಮಧ್ಯಾಹ್ನ ಊಟ ಮಾಡಲಿಲ್ಲ. ಬಿಸ್ಕತ್ತು ತಿಂದೆ.

ಫೆಬ್ರವರಿ 6, ಗುರುವಾರ

ಮೊದಲ ದಿನದ ರೀಲುಗಳು ಬಂದವು. ಮೇಜಿನ ಮೇಲಿನ ಸಣ್ಣ ಪರದೆಯಲ್ಲಿ ಓಡಿಸಿದೆ. ಹಾಸಿಗೆಯ ಹೊಲಿಗೆ ಬಿಚ್ಚಿಕೊಂಡಿತು, ಹಸಿರು ಕೈ ಹೊರಗೆ ಬಂತು, ಆಮೇಲೆ ಹಸಿರು ಮುಖ. ಆ ಕಣ್ಣು ನೋಡಿದ್ದೇ ತಡ, ರೀಲು ನಿಲ್ಲಿಸಿದೆ.

ಅವಳೇ. ಎಷ್ಟು ಬಣ್ಣ ಬಳಿದರೂ, ಎಷ್ಟು ಉದ್ದದ ಹಲ್ಲು ಸಿಕ್ಕಿಸಿದರೂ ಆ ಕಣ್ಣು ಮುಚ್ಚಿಡಲು ಆಗುತ್ತದೆಯೇ? ನನ್ನ ಒಡಹುಟ್ಟಿದವಳು. ಇನ್ನು ಮುಂದೆ ಈ ಪುಸ್ತಕದಲ್ಲಿ ಅವಳನ್ನು ‘ಆ ಹೆಂಗಸು’ ಎಂದೇ ಬರೆಯುತ್ತೇನೆ. ಏಳು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಅಮ್ಮ ತೀರಿಕೊಂಡ ದಿನ ಆ ಹೆಂಗಸು ಬಂದದ್ದು ರಾಕ್ಷಸಿ ವೇಷದಲ್ಲಿ. ತಲೆಗೆ ಕೊಂಬು, ಮುಖಕ್ಕೆ ಹಸಿರು, ಹಿಂದೆ ಬಾಲ. ಯಾವುದೋ ಮಕ್ಕಳ ನಾಟಕದ ಮಧ್ಯೆ ಎದ್ದು ಬಂದದ್ದಂತೆ. ಬಾಗಿಲಲ್ಲಿ ಅವಳನ್ನು ಕಂಡು ಸೋದರಮಾವ ಪ್ರಜ್ಞೆ ತಪ್ಪಿ ಬಿದ್ದರು. ಅವರನ್ನೂ ಅಮ್ಮನ ಪಕ್ಕದಲ್ಲೇ ಮಲಗಿಸಬೇಕಾಯಿತು. ಆಮೇಲೆ ಬಂದವರು ಒಂದೇ ಮನೆಯಲ್ಲಿ ಎರಡು ಸಾವೇ ಎಂದು ಅತ್ತರು. ಪಕ್ಕದ ಮನೆಯ ಮಕ್ಕಳು ಚಪ್ಪಾಳೆ ತಟ್ಟಿದವು. ಯಾರೋ ಬಾಲ ತುಳಿದರು, ಅದು ಕಿತ್ತು ಬಂತು. ಅಮ್ಮನನ್ನು ನೋಡಲು ಬಂದ ಜನವೆಲ್ಲ ಇವಳನ್ನೇ ನೋಡುತ್ತ ನಿಂತರು. ಇವಳು ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಗೊಳೋ ಎಂದು ಅತ್ತಳು. ಅಮ್ಮನ ಕೆನ್ನೆಯೂ ಹಸಿರಾಯಿತು. ಅದನ್ನು ಒರೆಸಿದವಳು ನಾನು. ಎಷ್ಟು ಒರೆಸಿದರೂ ಕಿವಿಯ ಹತ್ತಿರ ಸ್ವಲ್ಪ ಉಳಿದೇಹೋಯಿತು.

ಅವತ್ತು ಬಿಟ್ಟ ಮಾತು. ಕೆಲಸ ಬಿಟ್ಟುಬಿಡಲೇ ಎಂದು ಯೋಚಿಸಿದೆ. ನಾನೇಕೆ ಬಿಡಲಿ? ಬೇಕಾದರೆ ಅವಳು ಬಿಡಲಿ.

ಫೆಬ್ರವರಿ 11, ಮಂಗಳವಾರ

ಸಾಯುವ ದೃಶ್ಯಗಳನ್ನು ನೋಡಿ ತಲೆ ಕೆಟ್ಟುಹೋಯಿತು. ದೆವ್ವ ಮುಟ್ಟಿದ ಕೂಡಲೇ ಎಲ್ಲರೂ ಅಂಗಾತ ಬಿದ್ದು ಕೈಕಾಲು ಮೇಲೆತ್ತಿ ಪಟಪಟ ಆಡಿಸಿ ಸಾಯುತ್ತಾರೆ. ಜಿರಳೆ ಸಾಯುವುದು ಬಿಟ್ಟು ಬೇರೆ ಸಾವನ್ನು ಈ ನಿರ್ದೇಶಕ ಕಂಡೇ ಇಲ್ಲವೇನೋ.

ಅದು ಸಾಲದು ಎಂದು ಕ್ಯಾಮೆರಾದವನ ಸೋಮಾರಿತನ. ನಿರ್ದೇಶಕ ‘ಕಟ್’ ಎಂದು ಅರಚಿದ ಮೇಲೂ ಆಸಾಮಿ ಕ್ಯಾಮೆರಾ ನಿಲ್ಲಿಸುವುದಿಲ್ಲ; ಅದು ಓಡುತ್ತಲೇ ಇರುತ್ತದೆ, ಧ್ವನಿಯೂ ದಾಖಲಾಗುತ್ತಲೇ ಇರುತ್ತದೆ. ಕಟ್ ಅಂದ ಮೇಲಿನ ಆ ತುಂಡನ್ನು ನೋಡುವ ಪ್ರಾಣಿ ಈ ಭೂಮಿಯ ಮೇಲೆ ನಾನೊಬ್ಬಳೇ. ಸತ್ತವರು ಎದ್ದು ಕುಳಿತು ಸೊಂಟ ಹಿಡಿದುಕೊಳ್ಳುವುದು, ನಾಯಕಿ ಮೂಗು ಕೆರೆದುಕೊಳ್ಳುವುದು, ಎಲ್ಲವನ್ನೂ ನೋಡಿ, ಕತ್ತರಿಸಿ, ಬುಟ್ಟಿಗೆ ಹಾಕುವುದು ನನ್ನ ಹಣೆಬರಹ.

ಇವತ್ತು ಹಾಗೆ ನೋಡುತ್ತಿದ್ದೆ. ಮನೆ ಮಾಲೀಕನ ಕತ್ತು ಹಿಸುಕಿದ ದೆವ್ವ, ‘ಕಟ್’ ಎಂದ ಮೇಲೆ ನೇರವಾಗಿ ಕ್ಯಾಮೆರಾ ಕಡೆ ತಿರುಗಿತು. ಹಲ್ಲುಗಳ ನಡುವಿನಿಂದ ಮೆಲ್ಲಗೆ ಕೇಳಿತು:

“ಕುಳ್ಳಿ, ಊಟ ಆಯ್ತೇನೇ?”

ಕುಳ್ಳಿ ಎಂದು ನನ್ನನ್ನು ಕರೆಯುತ್ತಿದ್ದವರು ಇಬ್ಬರೇ, ಅಮ್ಮ ಮತ್ತು ಆ ಹೆಂಗಸು.

ನಾನು ಎಡಿಟ್ ಮಾಡುತ್ತಿರುವುದು ಅವಳಿಗೆ ಗೊತ್ತಾಗಿದೆ. ಎಷ್ಟು ಧೈರ್ಯ! ಏಳು ವರ್ಷ ಆದ ಮೇಲೆ ಒಂದು ಕ್ಷಮೆಯಿಲ್ಲ, ಗಿಮೆಯಿಲ್ಲ, ಏನೂ ನಡೆದೇ ಇಲ್ಲ ಎನ್ನುವ ಹಾಗೆ ಊಟ ಆಯ್ತಾ ಅಂತೆ. ಕಚಕ್ಕನೆ ಕತ್ತರಿಸಿ ಬುಟ್ಟಿಗೆ ಎಸೆದೆ.

ಊಟ ಆಗಿರಲಿಲ್ಲ, ಅದು ಬೇರೆ ಮಾತು.

ಫೆಬ್ರವರಿ 13, ಗುರುವಾರ

“ಕುಳ್ಳಿ, ಊಟ ಆಯ್ತೇನೇ?” ಮತ್ತೆ. ಕತ್ತರಿಸಿದೆ.

ಫೆಬ್ರವರಿ 14, ಶುಕ್ರವಾರ

ಮತ್ತೆ. ಈ ಸಲ ಕೈಯಲ್ಲಿ ಯಾರದ್ದೋ ರಬ್ಬರಿನ ಕರುಳು ಬೇರೆ.

ಫೆಬ್ರವರಿ 18, ಮಂಗಳವಾರ

ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು ಮೇಲೆ ಬಂದು ಜಗಳ ಕಾದರು. ನನ್ನ ಕೋಣೆಯಿಂದ ಬರುವ ಕಿರುಚಾಟವನ್ನು ಅವರ ಒಳಗಿನ ಕೋಣೆಯದ್ದು ಎಂದುಕೊಂಡು ರೋಗಿಗಳು ಓಡಿಹೋಗುತ್ತಿದ್ದಾರಂತೆ. ಒಬ್ಬಾತ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬಸ್ಸು ಹತ್ತಿದನಂತೆ. “ಕಿರುಚಾಟನಾದ್ರೂ ಸಹಿಸ್ಕೋತೀನಿ ಮೇಡಂ. ಆದ್ರೆ ಕಿರುಚಾಟ ಆದ್ಮೇಲೆ ಒಂದು ಹೆಂಗಸು ಊಟ ಆಯ್ತಾ ಅಂತ ಕೇಳ್ತಾರಲ್ಲ, ಅದಕ್ಕೆ ನಂಗೇ ಮೈ ಜುಮ್ಮನ್ನತ್ತೆ. ದಿನಕ್ಕೆ ಎಷ್ಟು ಸಲ ಕೇಳ್ತಾರೆ ಅವರು?”

ಒಂದೇ ಸಲ, ನಾನು ತಿರುಗಿಸಿ ತಿರುಗಿಸಿ ನೋಡುತ್ತೇನೆ, ಅಷ್ಟೆ. ಪರಿಶೀಲನೆಗೆ. ಡಾಕ್ಟರಿಗೆ ಅದನ್ನು ಹೇಳಲಿಲ್ಲ.

ಮಧ್ಯಾಹ್ನ ಮೂಲೆಯ ಹೋಟೆಲಿಗೆ ಹೋಗಿ ಊಟ ಮಾಡಿದೆ. ದಿನಾ ಬಿಸ್ಕತ್ತು ತಿಂದು ಹೊಟ್ಟೆ ಕೆಟ್ಟಿತ್ತು.

ಫೆಬ್ರವರಿ 24, ಸೋಮವಾರ

ಈಗ ಊಟದ ಪ್ರಶ್ನೆಯ ಜೊತೆ ಸಮಾಚಾರವೂ ಬರುತ್ತಿದೆ. ಇವತ್ತಿನದು: “ಕುಳ್ಳಿ, ಊಟ ಆಯ್ತೇನೇ? ನಂಗಿಲ್ಲ. ಈ ಹಲ್ಲು ಹಾಕ್ಕೊಂಡ್ರೆ ಸಂಜೇವರೆಗೂ ತೆಗೆಯೋಹಾಗಿಲ್ಲ. ಬರೀ ಜ್ಯೂಸು, ಅದೂ ಸ್ಟ್ರಾದಲ್ಲಿ.” ಆಮೇಲೆ ಆ ಹಲ್ಲು ಕಳಚಿ ಕೆಳಗೆ ಬಿತ್ತು. ಇಬ್ಬರು ಅದರ ಹಿಂದೆ ಓಡಿದರು.

ನನಗೇನಂತೆ! ಉಪವಾಸ ಬೀಳಲಿ.

ನಿರ್ದೇಶಕನಿಗೆ ಒಂದು ಚೀಟಿ ಬರೆದು ಕಳಿಸಿದೆ: ದೆವ್ವದ ಹಲ್ಲು ಒಂದು ಶಾಟಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ವಾಲುತ್ತಿದೆ, ಜೋಡಿಸಲು ಕಷ್ಟ, ಸುಲಭವಾಗಿ ತೆಗೆದು ಹಾಕುವಂಥದ್ದು ಮಾಡಿಸಿ, ಮಧ್ಯಾಹ್ನ ಕಡ್ಡಾಯವಾಗಿ ತೆಗೆಸಿ. ಇದು ಕೆಲಸದ ದೃಷ್ಟಿಯಿಂದ ಬರೆದದ್ದು.

ಫೆಬ್ರವರಿ 27, ಗುರುವಾರ

“ಕುಳ್ಳಿ, ಊಟ ಆಯ್ತೇನೇ? ನಂದಾಯ್ತು. ಹೊಸ ಹಲ್ಲು ಬಂತು. ಯಾರೋ ಪುಣ್ಯಾತ್ಗಿತ್ತಿ ಚೀಟಿ ಬರೆದಿದ್ರಂತೆ” ಎಂದು ಕಣ್ಣು ಹೊಡೆದಳು.

ಕೆಲಸದ ಚೀಟಿ ಎಂದರೆ ಕೆಲಸದ ಚೀಟಿ. ಇದರಲ್ಲಿ ಕಣ್ಣು ಹೊಡೆಯುವಂಥದ್ದೇನಿದೆ?

ಬುಟ್ಟಿಯಲ್ಲಿದ್ದ ಹಳೆಯ ತುಂಡುಗಳನ್ನು ಹೊರತೆಗೆದು, ಧೂಳು ಒರೆಸಿ, ಒಂದಕ್ಕೊಂದು ಟೇಪು ಅಂಟಿಸಿ ಸಣ್ಣ ರೀಲು ಮಾಡಿ ಡಬ್ಬಿಯಲ್ಲಿಟ್ಟೆ. ನೆಲದ ಮೇಲೆ ಬಿದ್ದು ಕಾಲಿಗೆ ಸಿಕ್ಕಿಕೊಳ್ಳುತ್ತಿದ್ದವು, ಅದಕ್ಕೆ.

ಮಾರ್ಚ್ 3, ಸೋಮವಾರ

ಕ್ಯಾಮೆರಾದವನು ರೀಲು ಕೊಡಲು ಬಂದಿದ್ದ. ಎದೆಯ ಮೇಲೆ ಕೂತ ಹಾಗೆ ಕೇಳಿದೆ: ಕಟ್ ಅಂದ ಮೇಲೂ ಯಾಕಯ್ಯಾ ಫಿಲ್ಮು ಹಾಳು ಮಾಡ್ತೀಯ?

“ಅಕ್ಕಾವ್ರು ಹೇಳಿದಾರೆ ಮೇಡಂ. ‘ನಮ್ಮ ಮನೆಯವರೊಬ್ಬರಿಗೆ ಸುದ್ದಿ ಕಳಿಸ್ಬೇಕು, ಎರಡು ಉಸಿರು ಜಾಸ್ತಿ ಓಡ್ಸಪ್ಪಾ’ ಅಂತ. ಅಷ್ಟು ಕೊಂದು ಸುಸ್ತಾಗಿರೋರು ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ?”

“ಸುದ್ದಿ ಕಳಿಸೋಕೆ ಫೋನಿಲ್ವಾ ಅವಳಿಗೆ?”

“ಫೋನ್ ಮಾಡಿದ್ರೆ ಇಟ್ಟುಬಿಡ್ತಾಳೆ, ಇದನ್ನಾದ್ರೆ ಪೂರ್ತಿ ನೋಡ್ಲೇಬೇಕು, ಅದು ಅವಳ ಕೆಲಸ ಅಂದ್ರು.”

ಕಿಲಾಡಿ. ಹುಟ್ಟು ಕಿಲಾಡಿ.

ಮಾರ್ಚ್ 7, ಶುಕ್ರವಾರ

ಇವತ್ತಿನ ತುಂಡನ್ನು ಬರೆದಿಡುತ್ತೇನೆ.

ದೆವ್ವ ಊಟದ ಪ್ರಶ್ನೆ ಕೇಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿತು: “ಅವತ್ತು ಬಣ್ಣ ತೆಗೆಯೋಕೆ ಒಂದು ಗಂಟೆ ಬೇಕಿತ್ತು ಕಣೇ. ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೆಗೀಬೇಕು. ಅಷ್ಟರಲ್ಲಿ ಅಮ್ಮನ್ನ ತಗೊಂಡು ಹೋಗಿಬಿಡೋರು. ವೇಷ ಬಿಚ್ಚಿ ಬಂದಿದ್ರೆ ನಂಗೆ ಅಮ್ಮನ ಮುಖ ಸಿಕ್ತಿರಲಿಲ್ಲ. ಬಾಲ ಕೀಳೋದು ಮಾತ್ರ ಮರ್ತೇಹೋಯ್ತು.”

ಆಮೇಲೆ, “ನಾಟಕದಲ್ಲಿ ನಂಗೆ ಫೋನ್ ಬಂದಿದ್ದು ಮಕ್ಕಳನ್ನ ತಿನ್ನೋ ಸೀನಿನ ಮಧ್ಯೆ. ತಿನ್ನೋದು ಬಿಟ್ಟು ಓಡಿದೆ. ಮಕ್ಕಳು ಖುಷಿಪಟ್ವು” ಎಂದಿತು.

ಅಲ್ಲಿಗೆ ಫಿಲ್ಮು ಮುಗಿದುಹೋಗಿತ್ತು.

ಇದನ್ನು ಏಳು ವರ್ಷದಲ್ಲಿ ಒಂದು ಸಲವಾದರೂ ಹೇಳಬಾರದಿತ್ತೇ? ಹೇಳಲು ಬಂದಿದ್ದಳು, ಮೂರು ನಾಲ್ಕು ಸಲ. ಬಾಗಿಲು ತೆಗೆದವಳೂ ಮುಚ್ಚಿದವಳೂ ನಾನೇ. ಕೆಲಸ ಬೇಗ ನಿಲ್ಲಿಸಿ ಮನೆಗೆ ಬಂದೆ. ತಲೆ ನೋವು.

ಮಾರ್ಚ್ 12, ಬುಧವಾರ

“ಊಟ ಆಯ್ತೇನೇ? ಕೇಳು, ಇಪ್ಪತ್ತು ವರ್ಷದಿಂದ ರಾಕ್ಷಸಿ ನಂಬರ್ ಎರಡು, ಪಿಶಾಚಿ ನಂಬರ್ ನಾಲ್ಕು. ಇದೇ ಮೊದಲನೇ ಸಲ ಪೋಸ್ಟರ್‌ನಲ್ಲಿ ನನ್ನ ಮುಖ ದೊಡ್ಡದಾಗಿ ಬರ್ತಿರೋದು. ಜನ ಹೆದರಬೇಕು ಕಣೇ. ನಿನ್ನ ಕೈಲಿದೆ. ಹಾಳಾಗದ ಹಾಗೆ ನೋಡ್ಕೋ.”

ನೋಡಿಕೊಳ್ಳದೆ ಏನು? ಇವಳು ಹೇಳಿದ ಮೇಲೆ ನಾನು ಕೆಲಸ ಕಲಿಯಬೇಕೇ? ದೆವ್ವದ ದೃಶ್ಯಗಳನ್ನೆಲ್ಲ ಮತ್ತೆ ಬಿಚ್ಚಿ ಹೊಸದಾಗಿ ಜೋಡಿಸಿದೆ. ಹಲ್ಲು ವಾಲಿದ ಶಾಟುಗಳನ್ನೆಲ್ಲ ಕಿತ್ತು ಹಾಕಿದೆ. ಅಕ್ಕ ಹಾಸಿಗೆಯಿಂದ ಏಳುವ ದೃಶ್ಯವಂತೂ ಎಷ್ಟು ಚೆನ್ನಾಗಿ ಬಂದಿದೆ ಎಂದರೆ ನನಗೇ ಹಿಂದೆ ತಿರುಗಿ ನೋಡಬೇಕು ಅನ್ನಿಸಿತು.

ಮಾರ್ಚ್ 19, ಬುಧವಾರ

ಚಿತ್ರೀಕರಣ ಮುಗಿಯಿತು. ಕೊನೆಯ ರೀಲು ಬಂತು. ಕ್ಲೈಮ್ಯಾಕ್ಸ್: ಹದಿಮೂರನೇ ಹಾಸಿಗೆಯ ಮೇಲೆ ಖಳನಾಯಕ ಕೈಕಾಲು ಆಡಿಸಿ ಜಿರಳೆಯಂತೆ ಸಾಯುತ್ತಾನೆ. ದೆವ್ವ ಎದ್ದು ನಿಲ್ಲುತ್ತದೆ. ರಕ್ತ ತೊಟ್ಟಿಕ್ಕುತ್ತದೆ. ‘ಕಟ್!’ ದೆವ್ವ ಮೆಲ್ಲಗೆ ಕ್ಯಾಮೆರಾ ಕಡೆ ತಿರುಗುತ್ತದೆ.

“ಕುಳ್ಳಿ, ಊಟ ಆಯ್ತೇನೇ?”

ಅಷ್ಟೆ. ಕಾಯುತ್ತ ನಿಂತಳು. ಯಾರಾದರೂ ಉತ್ತರ ಕೊಡುತ್ತಾರೇನೋ ಎನ್ನುವ ಹಾಗೆ ತಲೆ ಸ್ವಲ್ಪ ಓರೆ ಮಾಡಿ ಕಾದಳು. ಫಿಲ್ಮು ಮುಗಿಯಿತು.

ನಾಳೆಯಿಂದ ಹೊಸ ರೀಲು ಬರುವುದಿಲ್ಲ. ಇದೊಂದು ಕಾಟ ತಪ್ಪಿತು.

ಮಾರ್ಚ್ 26, ಬುಧವಾರ

ಕೋಣೆ ಬಿಕೋ ಎನ್ನುತ್ತಿದೆ. ಹಲ್ಲಿನ ಡಾಕ್ಟರು ಮೇಲೆ ಬಂದು, “ಯಾಕೆ ಮೇಡಂ, ಅವರು ಊಟ ಕೇಳೋದು ನಿಲ್ಲಿಸಿಬಿಟ್ರಾ? ಹುಷಾರಾಗಿದಾರಾ?” ಎಂದು ವಿಚಾರಿಸಿದರು.

ಅಕ್ಕನ ಮನೆಗೆ ಫೋನ್ ಮಾಡಿದೆ. “ಹಲೋ” ಎಂದಳು. ಇಟ್ಟುಬಿಟ್ಟೆ. ತಪ್ಪು ನಂಬರಿಗೆ ಹೋಗಿರಬಹುದು ಎಂದುಕೊಂಡಿರುತ್ತಾಳೆ.

ಕೊನೆಯ ರೀಲಿನ ಕೆಲಸ ನಡೆದಿದೆ. ಆ ತುಂಡನ್ನು ಇನ್ನೂ ಕತ್ತರಿಸಿಲ್ಲ. ಕೆಲಸ ಮಾಡುವಾಗ ಹಿಂದೆ ಮುಂದೆ ಓಡಿಸಲು ಸ್ವಲ್ಪ ಉದ್ದ ಇದ್ದರೆ ಅನುಕೂಲ. ನಿರ್ದೇಶಕನ ‘ಕಟ್’ ಅರಚಾಟ ಮಾತ್ರ ಧ್ವನಿಯಿಂದ ತೆಗೆದು ಹಾಕಿದೆ. ಅಕ್ಕ ತಿರುಗುವ ಹೊತ್ತಿಗೆ ಸರಿಯಾಗಿ ಕಿವಿಗೆ ಬಡಿಯುತ್ತಿತ್ತು.

ಏಪ್ರಿಲ್ 2, ಬುಧವಾರ

ಧ್ವನಿ ಮಿಶ್ರಣಕ್ಕೆ ಕೊನೆಯ ರೀಲು ಕಳಿಸಿದೆ. ಅವಸರವೋ ಅವಸರ. ಹಾಸಿಗೆ ಸಾಹುಕಾರರು ಬಾಗಿಲಲ್ಲೇ ನಿಂತು, “ಆಯ್ತಾಮ್ಮಾ, ಆಯ್ತಾಮ್ಮಾ” ಎಂದು ಪ್ರಾಣ ತಿಂದರು. ನಿರ್ದೇಶಕ ಕೊನೆಯ ರೀಲನ್ನು ನೋಡುವುದೇ ಇಲ್ಲವಂತೆ. “ಥಿಯೇಟರಲ್ಲಿ ಜನರ ಜೊತೆ ಮೊದಲನೇ ಸಲ ನೋಡ್ತೀನಿ ಮೇಡಂ. ನನ್ನ ಸಿನಿಮಾಕ್ಕೆ ನಾನೇ ಹೆದರಬೇಕು.” ಹೆದರಲಿ.

ಏಪ್ರಿಲ್ 9, ಬುಧವಾರ

ಡಬ್ಬಿಯಲ್ಲಿ ಹುಡುಕಿದೆ. ಮೇಜಿನ ಕೆಳಗೆ ಹುಡುಕಿದೆ. ಬುಟ್ಟಿ ಬೋರಲು ಹಾಕಿದೆ. ಕೊನೆಯ ತುಂಡು ಎಲ್ಲೂ ಇಲ್ಲ.

ಕತ್ತರಿಸಲು ಮರೆತೆನೇ? ಅಯ್ಯೋ ದೇವರೇ, ಅದು ರೀಲಿನಲ್ಲೇ ಹೋಗಿದೆ.

ಎದ್ದೆನೋ ಬಿದ್ದೆನೋ ಎಂದು ಧ್ವನಿ ಮಿಶ್ರಣದವನ ಹತ್ತಿರ ಓಡಿದೆ. ಅವನು ದೆವ್ವ ಎಂದರೆ ಹೆದರಿ ಸಾಯುವ ಮನುಷ್ಯ. ಇಡೀ ಸಿನಿಮಾವನ್ನು ಪರದೆಗೆ ಬೆನ್ನು ಹಾಕಿ ಕುಳಿತು ಮುಗಿಸಿದ್ದಾನೆ. “ಊಟ ಆಯ್ತಾ ಅಂತ ಒಂದು ಮಾತು ಕೇಳಿಸ್ತಾ?” ಎಂದೆ.

“ಓಹೋ, ಕೇಳಿಸ್ತು ಮೇಡಂ. ಅಲ್ಲಿ ನಂಗೆ ನಿಜವಾಗ್ಲೂ ಹೆದರಿಕೆ ಆಯ್ತು. ಆ ಗೋಡೌನಲ್ಲಿ ಎಲ್ಲಾ ಧ್ವನಿನೂ ಸಪ್ಪೆ ಅಲ್ವಾ, ಅದಕ್ಕೆ ಆ ಮಾತಿಗೆ ಒಳ್ಳೇ ಪ್ರತಿಧ್ವನಿ ಹಾಕಿದೀನಿ. ಆಯ್ತೇನೇ… ನೇ… ನೇ… ಅಂತ ಬರತ್ತೆ ನೋಡಿ!”

“ದೆವ್ವ ಊಟ ಯಾಕಯ್ಯಾ ಕೇಳತ್ತೆ?”

“ಮುಂದಿನ ಸರದಿ ಯಾರದ್ದೋ, ಅವರು ಉಂಡಿದಾರಾ ಇಲ್ವಾ ಅಂತ ವಿಚಾರಿಸ್ಕೋಳ್ತಿದೆ ಅಂದ್ಕೊಂಡೆ.”

ಪ್ರಿಂಟು ಥಿಯೇಟರಿಗೆ ಹೋಗಿಯಾಗಿದೆ. ಹಾಳಾಗದ ಹಾಗೆ ನೋಡ್ಕೋ ಎಂದಿದ್ದಳು. ಅವಳ ಜೀವಮಾನದ ಒಂದೇ ಒಂದು ದೊಡ್ಡ ಪಾತ್ರವನ್ನು ನಾನೇ ನನ್ನ ಕೈಯಾರೆ ಹಾಳು ಮಾಡಿದೆ. ಬೇಕೆಂದೇ ಮಾಡಿದ್ದು ಎಂದು ತಿಳಿದುಕೊಳ್ಳುತ್ತಾಳೆ. ಏಳು ವರ್ಷದ ಸೇಡು ಎಂದುಕೊಳ್ಳುತ್ತಾಳೆ.

ಏನನ್ನೂ ತಿನ್ನಲು ಆಗಲಿಲ್ಲ.

ಏಪ್ರಿಲ್ 11, ಶುಕ್ರವಾರ

ಬಿಡುಗಡೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಕೊನೆಯ ಸಾಲಿನಲ್ಲಿ ಕುಳಿತೆ. ಅಕ್ಕ ಎಲ್ಲರ ಜೊತೆ ಮುಂದಿನ ಸಾಲಿನಲ್ಲಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು.

ಮೊದಲ ಹೆಣ ಜಿರಳೆಯ ಹಾಗೆ ಕಾಲು ಆಡಿಸಿದಾಗಲೇ ನಗು ಶುರುವಾಯಿತು. ಅದು ನನ್ನ ತಪ್ಪಲ್ಲ. ಆದರೂ ಅಕ್ಕ ಹಾಸಿಗೆಯಿಂದ ಎದ್ದಾಗ ಗಪ್‌ಚುಪ್. ನನ್ನ ಪಕ್ಕದವನು ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇವಳು ನಮ್ಮಕ್ಕ ಎಂದು ಅವನಿಗೆ ಹೇಳಬೇಕೆನ್ನಿಸಿತು.

ಕೊನೆಯ ದೃಶ್ಯ ಬಂತು. ಖಳನಾಯಕ ಸತ್ತ. ರಕ್ತ ತೊಟ್ಟಿಕ್ಕಿತು. ಅಕ್ಕ ತಿರುಗಿದಳು.

“ಕುಳ್ಳಿ, ಊಟ ಆಯ್ತೇನೇ… ನೇ… ನೇ…”

ಯಾರೂ ಉಸಿರಾಡಲಿಲ್ಲ. ಆಗ ಎಲ್ಲಿಂದಲೋ ಒಬ್ಬ ದಪ್ಪ ಗಂಟಲಿನವನು ಗೌರವದಿಂದ ಹೇಳಿದ: “ಆಯ್ತಕ್ಕಾ. ನಿಂದು?”

ಥಿಯೇಟರು ಸ್ಫೋಟಿಸಿತು. ಜನ ಸೀಟಿನ ಮೇಲೆ ಬಿದ್ದು ಹೊರಳಾಡಿ ನಕ್ಕರು. ನಿರ್ದೇಶಕ ಎದ್ದು ನಿಂತು, “ನಗಬೇಡಿ! ಯಾರೂ ನಗಬೇಡಿ!” ಎಂದು ಅಂಗಲಾಚಿದ, ಅದೂ ಸಿನಿಮಾದ ಭಾಗವೆಂದು ಇನ್ನೂ ಹೆಚ್ಚು ನಕ್ಕರು. ಮುಂದಿನ ಸಾಲಿನಲ್ಲಿ ಅಕ್ಕ ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು. ಭುಜ ಕುಲುಕುತ್ತಿತ್ತು.

ಅವಳು ಅಳುವ ಹಾಗೆ ಮಾಡಿಬಿಟ್ಟೆ. ದೀಪ ಹತ್ತುವ ಮೊದಲೇ ಎದ್ದು ಓಡಿಬಂದೆ. ನಾನು ಮನುಷ್ಯಳಲ್ಲ.

ಏಪ್ರಿಲ್ 14, ಸೋಮವಾರ

ನಿರ್ದೇಶಕನ ಅಪ್ಪಣೆಯಾಯಿತು: ಕತ್ತರಿ ತೆಗೆದುಕೊಂಡು ಥಿಯೇಟರಿಗೆ ಹೋಗಿ ಆ ತುಂಡನ್ನು ಪ್ರಿಂಟಿನಿಂದ ಕಿತ್ತು ಬರಬೇಕು. ಹೋದೆ. ಮಧ್ಯಾಹ್ನದ ಆಟ ನಡೆಯುತ್ತಿತ್ತು. ಪ್ರೊಜೆಕ್ಟರ್ ಕೋಣೆಯ ಸಣ್ಣ ಕಿಟಕಿಯಲ್ಲಿ ನೋಡಿದೆ. ಸೋಮವಾರ ಮಧ್ಯಾಹ್ನ, ಇಂಥ ಸಿನಿಮಾಕ್ಕೆ, ಅರ್ಧ ಥಿಯೇಟರು ತುಂಬಿತ್ತು! ಆ ಮಾತು ಬಂದಾಗ ಇಡೀ ಮಂದಿ ಒಟ್ಟಿಗೆ “ಆಯ್ತಕ್ಕಾ!” ಎಂದರು.

“ಶುಕ್ರವಾರ ಬಂದೋರೇ ಮತ್ತೆ ಬಂದಿದಾರೆ. ಜೊತೆಗೆ ಮನೆಯವರನ್ನೂ ಕರ್ಕೊಂಡು ಬಂದಿದಾರೆ” ಎಂದ ಪ್ರೊಜೆಕ್ಟರಿನವನು. “ಕತ್ತರಿಸ್ತೀರಾ?”

ಕತ್ತರಿ ಮೊಂಡಾಗಿತ್ತು. ಹಾಗೇ ವಾಪಸು ಬಂದೆ.

ಏಪ್ರಿಲ್ 26, ಶನಿವಾರ

ಊರಿಗೆ ಊರೇ ಹುಚ್ಚೆದ್ದಿದೆ. ಸಾಹುಕಾರರ ಅಂಗಡಿಗೆ ಬಂದವರೆಲ್ಲ ಹದಿಮೂರನೇ ಹಾಸಿಗೆಯೇ ಬೇಕು ಎನ್ನುತ್ತಾರಂತೆ. ಉಳಿದ ಹನ್ನೆರಡನ್ನು ಮೂಸಿಯೂ ನೋಡುವವರಿಲ್ಲ. ಈಗ ಅವರು ಎಲ್ಲ ಹಾಸಿಗೆಗೂ ಹದಿಮೂರು ಎಂದು ಚೀಟಿ ಅಂಟಿಸಿದ್ದಾರೆ.

‘ನಗು ಬಂದ್ರೆ ನಾನು ಸತ್ತೆ’ ಎಂದಿದ್ದ ನಿರ್ದೇಶಕ ಪತ್ರಿಕೆಗೆ ಸಂದರ್ಶನ ಕೊಟ್ಟಿದ್ದಾನೆ: ಆ ಮಾತು ತನಗೆ ಬಾಲ್ಯದಲ್ಲಿ ಕನಸಿನಲ್ಲಿ ಬಂದದ್ದು, ಅದರ ಸುತ್ತಲೇ ಸಿನಿಮಾ ಕಟ್ಟಿದ್ದು! ಪಕ್ಕದ ಪುಟದಲ್ಲಿ ಒಬ್ಬ ವಿಮರ್ಶಕರು ‘ಯಾರು ಈ ಕುಳ್ಳಿ?’ ಎಂದು ಬರೆದಿದ್ದಾರೆ. ಕುಳ್ಳಿ ಎಂದರೆ ಹಸಿದ ಮನುಕುಲವಂತೆ. ಕುಗ್ಗಿದ ಆತ್ಮಸಾಕ್ಷಿಯಂತೆ. ತೆರೆಯ ಮೇಲೆ ಬಾರದೆಯೇ ಇಡೀ ಚಿತ್ರವನ್ನು ಆಳುವ ಶೂನ್ಯವಂತೆ.

ನಿಮ್ಮ ತಲೆ! ಕುಳ್ಳಿ ಎಂದರೆ ನಾನು. ನಮ್ಮಕ್ಕ ನನ್ನನ್ನು ಕೇಳಿದ್ದು. ಊಟ ಆಯ್ತಾ ಎಂದು ಕೇಳಿದ್ದು ನನ್ನನ್ನು, ನನ್ನೊಬ್ಬಳನ್ನು. ಊರವರೆಲ್ಲ ಉತ್ತರ ಕೊಡಲು ಯಾರು?

ಮೇ 10, ಶನಿವಾರ

ಪ್ರೊಜೆಕ್ಟರಿನವನು ದಾರಿಯಲ್ಲಿ ಸಿಕ್ಕಿದ್ದ. ಈಗ ಬರೀ ಶನಿವಾರ ಮಧ್ಯಾಹ್ನ ಒಂದೇ ಆಟವಂತೆ. ಜನ ಹಸಿರು ಬಣ್ಣ ಬಳಿದುಕೊಂಡು, ದಿಂಬು ಹಿಡಿದುಕೊಂಡು ಬರುತ್ತಾರಂತೆ. “ಒಬ್ಬರು ಹೆಂಗಸು ಮಾತ್ರ ಪ್ರತಿ ಶನಿವಾರ ಬರ್ತಾರೆ ಮೇಡಂ, ಒಬ್ಬರೇ. ನಗಲ್ಲ, ಕೂಗಲ್ಲ. ಎಲ್ಲರೂ ಕೂಗಿ ಮುಗಿಸಿದ ಮೇಲೆ ಸುತ್ತ ತಿರುಗಿ ನೋಡಿ, ಎದ್ದು ಹೋಗ್ತಾರೆ.”

ಯಾರೋ ಏನೋ.

ಇಡೀ ಸಂಜೆ ಕೈಗೆ ಕೆಲಸ ಹತ್ತಲಿಲ್ಲ.

ಮೇ 17, ಶನಿವಾರ

ಬೆಳಗ್ಗೆಯಿಂದ ಏನೂ ತಿನ್ನಲಿಲ್ಲ. ಮಧ್ಯಾಹ್ನದ ಆಟಕ್ಕೆ ಹೋದೆ.

ಅವಳು ಮಧ್ಯದ ಸಾಲಿನಲ್ಲಿದ್ದಳು. ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ, ಆ ಕಿವಿ ಅಮ್ಮನದೇ. ಅವಳ ಎರಡೂ ಪಕ್ಕದಲ್ಲಿ ಹಸಿರು ಮುಖದವರು ಕುಳಿತಿದ್ದರು. ನಿಜವಾದ ದೆವ್ವ ತಮ್ಮ ನಡುವೆ ಇದೆ ಎಂದು ಒಬ್ಬನಿಗೂ ಗೊತ್ತಿಲ್ಲ. ನಾನು ಎರಡು ಸಾಲು ಹಿಂದೆ ಕುಳಿತೆ.

ಖಳನಾಯಕ ಸತ್ತ. ಜನ ಅವನ ಜೊತೆ ತಾವೂ ಕಾಲು ಆಡಿಸಿದರು. ಪರದೆಯ ಮೇಲಿನ ಅಕ್ಕ ತಿರುಗಿದಳು, ಕೇಳಿದಳು. ಇಡೀ ಥಿಯೇಟರು, ಮೀಸೆ ಹೊತ್ತವರು, ಮುದುಕರು, ಮಕ್ಕಳು, ಎಲ್ಲ ಕುಳ್ಳಿಯರೂ ಸೇರಿ ಸೂರು ಹಾರಿಹೋಗುವ ಹಾಗೆ ಕೂಗಿದರು: “ಆಯ್ತಕ್ಕಾ!”

ಪರದೆಯ ಮೇಲೆ ಅವಳು ಇನ್ನೂ ತಲೆ ಓರೆ ಮಾಡಿ ಕಾಯುತ್ತಿದ್ದಳು. ಆ ತುಂಡಿನ ಉದ್ದ ನನಗೆ ಗೊತ್ತು. ಕೂಗು ನಿಂತು ಪರದೆ ಕಪ್ಪಾಗುವ ಮೊದಲು ಸ್ವಲ್ಪ ಜಾಗ ಉಳಿಯುತ್ತದೆ.

“ಇಲ್ಲ ಕಣೇ” ಎಂದೆ. ಜೋರಾಗಿಯೇ ಬಂತು. “ಇನ್ನೂ ಇಲ್ಲ ಅಕ್ಕಾ.”

ಸುತ್ತಲಿದ್ದವರು ಇದ್ಯಾವಳಪ್ಪಾ ತಪ್ಪು ಉತ್ತರ ಹೇಳುವವಳು ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಎರಡು ಸಾಲು ಮುಂದೆ ಒಂದು ತಲೆ ಮಾತ್ರ ಮೆಲ್ಲಗೆ ತಿರುಗಿತು. ಬಣ್ಣವಿಲ್ಲದ ಆ ಮುಖವನ್ನು ನೆಟ್ಟಗೆ ನೋಡಿ ಏಳು ವರ್ಷದ ಮೇಲಾಗಿತ್ತು. ಕೂದಲು ನರೆತಿದೆ.

ಹೊರಗೆ ಬಿಸಿಲಲ್ಲಿ ನಿಂತು, “ನಿನ್ನ ಪಾತ್ರ ಹಾಳು ಮಾಡಿಬಿಟ್ಟೆ, ಅವತ್ತು ನೀನು ಅತ್ತಿದ್ದು ನೋಡಿದೆ” ಎಂದೆ. ಹೇಳುವಾಗ ನನಗೇ ಅಳು ಬಂತು.

“ಅಳೋದಾ? ನಗು ತಡೆಯೋಕಾಗದೆ ಸೆರಗು ತುರುಕ್ಕೊಂಡಿದ್ದೆ ಕಣೇ ಹುಚ್ಚಿ! ಇಪ್ಪತ್ತು ವರ್ಷ ಜನರನ್ನ ಹೆದರಿಸಿದೆ, ಒಬ್ಬರಾದ್ರೂ ತಿರುಗಿ ಮಾತಾಡ್ಸಿದ್ರಾ? ಈಗ ನೋಡು, ಊರೆಲ್ಲಾ ಉತ್ತರ ಕೊಡತ್ತೆ.” ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, “ಯಾರಿಗೆ ಕೇಳಿದ್ದೆನೋ ಅವಳೊಬ್ಬಳು ಬಿಟ್ಟು” ಎಂದಳು.

“ಮರೆತು ಉಳಿದುಹೋದ ತುಂಡು ಅದು” ಎಂದೆ.

“ಹೌದೌದು. ‘ಕಟ್’ ಅನ್ನೋ ಕೂಗು ಮಾತ್ರ ತಾನಾಗೇ ಎದ್ದು ಹೋಯ್ತು.”

ಅಕ್ಕ ಕೈ ಹಿಡಿದುಕೊಂಡಳು. “ನಡಿ, ಹೊಟ್ಟೆಗೇನಾದ್ರೂ ಹಾಕ್ಕೋ” ಎಂದಳು.

ಮೇ 18, ಭಾನುವಾರ

ಅಕ್ಕನ ಮನೆ.

ಊಟ ಆಯ್ತು. ಉಪ್ಪು ಜಾಸ್ತಿ. ಎರಡು ಸಲ ಬಡಿಸಿಕೊಂಡೆ.